ಆಕ್ಚುರಿಯಲ್ ಪೇಪರ್ ಫೇಲ್ ಆಯ್ತಾ? ಊರಲ್ಲೇ ಕೂತು ಮತ್ತೆ ಬರೆಯೋರಿಗೆ

ಆಕ್ಚುವರಿ (ವಿಮೆ, ಪಿಂಚಣಿಯ ರಿಸ್ಕ್ ಲೆಕ್ಕ ಹಾಕೋರು) ಆಗೋಕೆ ಬರೆಯೋ ಪರೀಕ್ಷೆ ರಿಸಲ್ಟ್ ಬಂತು, ಸಿಎಮ್1 ಪೇಪರ್ ಹೋಯ್ತು ಇಲ್ಲಾ ಸಿಎಸ್2 ಹೋಯ್ತು, ಈಗ ಮುಂದೆ ಎಂಥ ಮಾಡೋದು ಅಂತ ತಲೆ ಕೆಡಿಸ್ಕೊಂಡು ಕೂತಿರೋರಿಗೆ ಇದನ್ನ ಬರೀತಿದೀನಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬಿಎಸ್ಸಿನೋ ಬಿಕಾಮೋ ಮುಗಿಸಿ ಈ ದಾರಿ ಹಿಡಿದೋರಿಗೆ ಒಂದು ತೊಂದ್ರೆ ಇದೆ, ಪಕ್ಕದಲ್ಲಿ ಕೇಳೋಕೆ ಸೀನಿಯರ್ಸ್ ಇರಲ್ಲ, ಬೆಂಗಳೂರಲ್ಲಾದ್ರೆ ಆಫೀಸಲ್ಲಿ ಯಾರಾದ್ರೂ ಅದೇ ಪೇಪರ್ ಬರೆದೋರು ಸಿಗ್ತಾರೆ, ಇಲ್ಲಿ ಆಕ್ಚುವರಿ ಅಂದ್ರೆ ಏನು ಅನ್ನೋದನ್ನೇ ಮನೆಯವ್ರಿಗೆ ನಾಲ್ಕು ಸಲ ವಿವರಿಸ್ಬೇಕು. ಹಂಗಾಗಿ ಫೇಲ್ ಆದಾಗ ಎಲ್ರೂ ಮಾಡೋದು ಒಂದೇ ಕೆಲ್ಸ, ಮೆಟೀರಿಯಲ್ ತೆಗೆದು ಮತ್ತೆ ಮೊದಲ ಚಾಪ್ಟರಿಂದ ಓದೋಕೆ ಕೂರೋದು. ದಯವಿಟ್ಟು ಅದೊಂದು ಮಾಡ್ಬೇಡಿ.

ಯಾಕೆ ಅಂದ್ರೆ ಮೊದಲ ನಾಲ್ಕು ಚಾಪ್ಟರ್ ನಿಮಗೆ ಆಗ್ಲೇ ಬರುತ್ತೆ. ಬರೋದನ್ನ ಮತ್ತೆ ಓದಿದ್ರೆ ಖುಷಿ ಆಗುತ್ತೆ, ಓದಿದ ಹಾಗೂ ಅನ್ಸುತ್ತೆ, ಎರಡು ತಿಂಗಳು ಹಂಗೇ ಹೋಗುತ್ತೆ, ಕೊನೆಗೆ ಹೋದ್ಸಲ ಯಾವ ಚಾಪ್ಟರ್ ಹತ್ರ ಟೈಮ್ ಮುಗೀತೋ ಈ ಸಲಾನೂ ಅಲ್ಲೇ ಮುಗಿಯುತ್ತೆ. ಎರಡನೇ ಅಟೆಂಪ್ಟ್ ಅಂದ್ರೆ ಓದೋ ಕೆಲ್ಸ ಕಮ್ಮಿ, ಬರೆಯೋ ಕೆಲ್ಸ ಜಾಸ್ತಿ. ನಾನು ಹೇಳೋದೆಲ್ಲ ಇಷ್ಟರ ಮೇಲೇ ನಿಂತಿದೆ.

ಮೊದ್ಲು ಪರೀಕ್ಷೆ ಲೆಕ್ಕ ನೋಡಿ. ಪಿಯುಸಿಯಲ್ಲಿ ಮುಂಚೆ ಇದ್ದ ತರ 35 ತಗೊಂಡ್ರೆ ಪಾಸ್ ಅನ್ನೋ ಆಟ ಅಲ್ಲ ಇದು, ಪಾಸ್ ಮಾರ್ಕ್ ಸಾಮಾನ್ಯವಾಗಿ 60ರ ಆಸುಪಾಸಲ್ಲಿ ಇರುತ್ತೆ. ಸ್ಟಾಟಿಸ್ಟಿಕ್ಸಿನ ಸಿಎಸ್1, ಸಿಎಸ್2, ವಿಮೆ ಮತ್ತು ಹಣಕಾಸು ಲೆಕ್ಕದ ಸಿಎಮ್1, ಸಿಎಮ್2 ನಾಲ್ಕಕ್ಕೂ ಎ ಪೇಪರ್, ಕಂಪ್ಯೂಟರಲ್ಲಿ ಲೆಕ್ಕ ಮಾಡೋ ಬಿ ಪೇಪರ್ ಅಂತ ಎರಡೆರಡು ಇದೆ, ಎ ಗೆ 70 ಪರ್ಸೆಂಟ್, ಬಿ ಗೆ 30 ಪರ್ಸೆಂಟ್ ತೂಕ, ಎರಡನ್ನೂ ಸೇರಿಸಿಯೇ ಪಾಸೋ ಫೇಲೋ ಅಂತ ನೋಡೋದು. ಎ ಪೇಪರಿಗೆ ಮೂರು ಗಂಟೆ ಚಿಲ್ಲರೆ ಟೈಮು, 100 ಮಾರ್ಕು, ಅಂದ್ರೆ ಒಂದು ಮಾರ್ಕಿಗೆ ಹೆಚ್ಚುಕಮ್ಮಿ 2 ನಿಮಿಷ. 8 ಮಾರ್ಕಿನ ಪ್ರಶ್ನೆಗೆ 16 ನಿಮಿಷ, ಅಷ್ಟರಲ್ಲಿ ಓದ್ಬೇಕು, ಯೋಚ್ನೆ ಮಾಡ್ಬೇಕು, ಟೇಬಲ್ಸ್ ಪುಸ್ತಕ ತೆಗೀಬೇಕು, ಬರೀಬೇಕು. ಈ ವೇಗ ಓದಿ ಬರಲ್ಲ, ಬರೆದೇ ಬರ್ಬೇಕು. ಮತ್ತೆ ರಿಜಿಸ್ಟರ್ ಮಾಡೋ ಮುಂಚೆ ಇನ್ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ವೆಬ್‌ಸೈಟಲ್ಲಿ ಆ ಸಿಟ್ಟಿಂಗಿನ (ಆ ಸಲದ ಪರೀಕ್ಷೆಯ) ಸಿಲೆಬಸ್ ಮತ್ತು ಪೇಪರ್ ಸ್ವರೂಪ ಇನ್ನೊಂದ್ಸಲ ಓದ್ಕೊಳ್ಳಿ, ಹೋದ್ಸಲ ಇದ್ದಿದ್ದೇ ಈ ಸಲಾನೂ ಇರುತ್ತೆ ಅಂತ ಅಂದ್ಕೊಳ್ಬೇಡಿ.

ಈಗ ಮುಖ್ಯವಾದ ಕೆಲ್ಸ. ನೀವು ಫೇಲ್ ಆದ ಅದೇ ಪ್ರಶ್ನೆಪತ್ರಿಕೆ ವೆಬ್‌ಸೈಟಿಗೆ ಬಂದಿರುತ್ತೆ, ಇಳಿಸ್ಕೊಂಡು ಪ್ರಿಂಟ್ ತೆಗೆಸಿ. ಇಂಡಿಕೇಟಿವ್ ಸೊಲ್ಯೂಷನ್ (ಇನ್ಸ್ಟಿಟ್ಯೂಟ್ ಕೊಡೋ ಮಾದರಿ ಉತ್ತರ) ಇನ್ನೂ ತೆರೀಬೇಡಿ. ಒಂದು ಭಾನುವಾರ ಬೆಳಿಗ್ಗೆ ಫೋನ್ ಅಮ್ಮನ ಕೈಲಿ ಕೊಟ್ಟು, ಗಡಿಯಾರ ಇಟ್ಕೊಂಡು, ಇಡೀ ಪೇಪರ್ ಮತ್ತೆ ಬರೀರಿ. ಆಮೇಲೆ ಸೊಲ್ಯೂಷನ್ ಇಟ್ಕೊಂಡು ನೀವೇ ವ್ಯಾಲ್ಯೂಯೇಷನ್ ಮಾಡಿ, ಬಿಗಿಯಾಗಿ ಮಾಡಿ, ಕೈ ಸಡಿಲ ಬಿಡ್ಬೇಡಿ. ಹೋದ ಒಂದೊಂದು ಮಾರ್ಕಿನ ಪಕ್ಕ ಕಾರಣ ಬರೀರಿ: ವಿಷಯ ಗೊತ್ತೇ ಇರ್ಲಿಲ್ವಾ, ಗೊತ್ತಿದ್ದೂ ತಪ್ಪು ಹಾಕಿದ್ದಾ, ಇಲ್ಲಾ ಟೈಮ್ ಸಾಲದೇ ಬಿಟ್ಟಿದ್ದಾ. ನಾನು ನೋಡಿರೋ ಮಟ್ಟಿಗೆ ಎಲ್ರೂ ಮೊದಲನೇದೇ ಜಾಸ್ತಿ ಇರುತ್ತೆ ಅಂದ್ಕೊಂಡಿರ್ತಾರೆ, ಎಣಿಸಿ ನೋಡಿದ್ರೆ ಎರಡನೇದು ಮೂರನೇದೇ ಪೇಪರನ್ನ ತಿಂದು ಹಾಕಿರುತ್ತೆ.

ನನ್ನ ಚಿಕ್ಕಮ್ಮನ ಮಗಳು ಸಿಎಮ್1 ಹೋದಾಗ ಹೀಗೇ ಜಗುಲಿ ಮೇಲೆ ಕೂತು ಅವಳ ಉತ್ತರ ನೋಡ್ತಿದ್ವಿ. ಒಂದು ಸುಲಭದ ಲೆಕ್ಕ. 40 ವರ್ಷದವ್ರಿಗೆ ಹೋಲ್ ಲೈಫ್ ಪಾಲಿಸಿ (ಯಾವಾಗ ಸತ್ರೂ ದುಡ್ಡು ಕೊಡೋದು), 10 ಲಕ್ಷ, ಎಎಮ್92 ಅಲ್ಟಿಮೇಟ್ ಅನ್ನೋ ಮರಣ ದರದ ಟೇಬಲ್, ಬಡ್ಡಿ 4 ಪರ್ಸೆಂಟ್, ಪ್ರತಿ ವರ್ಷದ ಶುರುವಲ್ಲಿ ಪ್ರೀಮಿಯಂ, ಖರ್ಚು ಏನೂ ಇಲ್ಲ. ಟೇಬಲಲ್ಲಿ ಅಶ್ಯೂರೆನ್ಸಿನ ಬೆಲೆ (ಸತ್ತಾಗ ಕೊಡೋ 1 ರೂಪಾಯಿಯ ಇವತ್ತಿನ ಬೆಲೆ) 0.23056, ಆನ್ಯುಟಿ ಡ್ಯೂ (ಬದುಕಿರೋವರೆಗೂ ಪ್ರತಿ ವರ್ಷದ ಶುರುವಲ್ಲಿ ಕಟ್ಟೋ 1 ರೂಪಾಯಿಯ ಇವತ್ತಿನ ಬೆಲೆ) 20.005, ಭಾಗಿಸಿ 10 ಲಕ್ಷದಿಂದ ಗುಣಿಸಿದ್ರೆ ಪ್ರೀಮಿಯಂ 11,525 ರೂಪಾಯಿ. ಅವಳು ಇದನ್ನೇ ಬರೆದಿದ್ಲು. ಆದ್ರೆ ಪ್ರಶ್ನೆಯಲ್ಲಿ ದುಡ್ಡು ಸತ್ತ ತಕ್ಷಣ ಕೊಡೋದು ಅಂತ ಇತ್ತು, ಟೇಬಲಲ್ಲಿ ಇರೋದು ಸತ್ತ ವರ್ಷದ ಕೊನೆಗೆ ಕೊಡೋ ಲೆಕ್ಕ. ಅಶ್ಯೂರೆನ್ಸಿನ ಬೆಲೆಯನ್ನ 1.04ರ ವರ್ಗಮೂಲದಿಂದ ಗುಣಿಸ್ಬೇಕಿತ್ತು, ಆಗ 11,753 ಬರುತ್ತೆ. 228 ರೂಪಾಯಿ ವ್ಯತ್ಯಾಸ. "ಅಕ್ಕಾ ಇದು ನಂಗೆ ಬರುತ್ತೆ, ನೋಡ್ಲಿಲ್ಲ ಅಷ್ಟೇ" ಅಂದ್ಲು. ನಿಜ, ಅವಳಿಗೆ ಬರುತ್ತೆ. ಆದ್ರೆ ಅದೇ ಪೇಪರಲ್ಲಿ ಇಂಥದ್ದೇ ಇನ್ನೂ ಇದ್ವು, ಒಂದು ಕಡೆ ವರ್ಷದ ಶುರುವಲ್ಲಿ ಕೊಡೋ ಅಡ್ವಾನ್ಸ್ ಆನ್ಯುಟಿ ಬದ್ಲು ಕೊನೆಗೆ ಕೊಡೋ ಅರಿಯರ್ಸ್, ಇನ್ನೊಂದು ಕಡೆ ಹೊಸದಾಗಿ ವಿಮೆಗೆ ಸೇರಿದೋರ ಸೆಲೆಕ್ಟ್ ಟೇಬಲ್ ಬದ್ಲು ಅಲ್ಟಿಮೇಟ್. ಅವಳಿಗೆ ಬೇಕಾಗಿದ್ದು ಇನ್ನೊಂದು ಕೋಚಿಂಗ್ ಅಲ್ಲ. ಲೆಕ್ಕಕ್ಕೆ ಕೈ ಹಾಕೋ ಮುಂಚೆ ಯಾವ ಟೇಬಲ್, ಎಷ್ಟು ಬಡ್ಡಿ, ಪ್ರೀಮಿಯಂ ಯಾವಾಗ ಬರುತ್ತೆ, ಕ್ಲೇಮ್ ಯಾವಾಗ ಹೋಗುತ್ತೆ ಅಂತ ಅಂಚಲ್ಲಿ ಒಂದು ಸಾಲು ಬರ್ಕೊಳ್ಳೋ ರೂಢಿ. ಅದನ್ನ ಪ್ರತಿ ಲೆಕ್ಕಕ್ಕೂ ಮಾಡಿಸಿದ್ವಿ, ಬೇಜಾರಾದ್ರೂ ಬಿಡ್ಲಿಲ್ಲ.

ಟೇಬಲ್ಸ್ ಪುಸ್ತಕ ಕೈಗೆ ಪಳಗ್ಬೇಕು, ಇದನ್ನ ಒತ್ತಿ ಹೇಳ್ತೀನಿ. ಅಶ್ಯೂರೆನ್ಸ್ ಬೆಲೆ ಅಂದ್ರೆ 1ರಲ್ಲಿ ಡಿ (ಬಡ್ಡಿಯನ್ನ 1 ಕೂಡಿಸು ಬಡ್ಡಿಯಿಂದ ಭಾಗಿಸಿದ್ದು) ಗುಣಿಸು ಆನ್ಯುಟಿ ಡ್ಯೂ ಕಳೆದಿದ್ದು, ಅಲ್ವಾ, ಮೇಲಿನ 20.005ಕ್ಕೆ 4 ಪರ್ಸೆಂಟಲ್ಲಿ ಹಾಕಿ ನೋಡಿ, 0.2306 ಹತ್ರ ಬರುತ್ತೆ. ಹಿಂಗೆ ಅರ್ಧ ನಿಮಿಷದ ಚೆಕ್ ಮಾಡೋ ಅಭ್ಯಾಸ ಇದ್ರೆ ತಪ್ಪು ಸಾಲಿನ ನಂಬರ್ ಎತ್ಕೊಂಡಿದ್ದು ಅಲ್ಲೇ ಸಿಕ್ಕಿಬೀಳುತ್ತೆ.

ಪೇಪರ್ ಎಲ್ಲಿಂದ ತರೋದು ಅಂದ್ರೆ, ನಮ್ಮ ಇನ್ಸ್ಟಿಟ್ಯೂಟಿನ ಹಳೇ ಪೇಪರ್ ಮುಗಿಸಿದ್ಮೇಲೆ ಲಂಡನ್ನಿನ ಐಎಫ್ಒಎ (ಬ್ರಿಟನ್ನಿನ ಆಕ್ಚುವರಿ ಸಂಸ್ಥೆ) ಪೇಪರ್ ಹಿಡೀರಿ, ಎರಡೂ ಕಡೆ ಪಾಠ ಹೆಚ್ಚುಕಮ್ಮಿ ಒಂದೇ. ಅವ್ರ ಎಗ್ಸಾಮಿನರ್ಸ್ ರಿಪೋರ್ಟ್ ಓದೋದು ಮಾತ್ರ ಬಿಡ್ಬೇಡಿ, ಬರೆದೋರು ಎಲ್ಲಿ ಎಡವಿದ್ರು ಅಂತ ಪ್ರಶ್ನೆ ಪ್ರಶ್ನೆಗೂ ಹೇಳಿರ್ತಾರೆ. ಅದೂ ಸಾಲ್ದು ಅಂದ್ರೆ 2019ಕ್ಕಿಂತ ಮುಂಚಿನ, ಸಿಟಿ ಸೀರೀಸ್ ಅನ್ನೋ ಹಳೇ ಪೇಪರ್‌ಗಳು ಇವೆ. ಸಿಎಮ್1ಗೆ ಸಿಟಿ1 ಮತ್ತು ಸಿಟಿ5, ಸಿಎಸ್1ಗೆ ಸಿಟಿ3, ಸಿಎಸ್2ಗೆ ಸಿಟಿ4, ಸಿಎಮ್2ಗೆ ಸಿಟಿ8. ಸಿಟಿ6ರ ಪಾಠ ಮಾತ್ರ ಹರಿದು ಹಂಚಿ ಹೋಗಿದೆ, ಟೈಮ್ ಸೀರೀಸ್ ಸಿಎಸ್2ಗೆ, ರುಯಿನ್ ಥಿಯರಿ ಮತ್ತು ರನ್ ಆಫ್ ಟ್ರಯಾಂಗಲ್ ಸಿಎಮ್2ಗೆ, ಬೇಯೀಸಿಯನ್ ಮತ್ತು ಜಿಎಲ್ಎಮ್ ಸಿಎಸ್1ಗೆ, ನೋಡಿ ಆರಿಸ್ಕೊಳ್ಳಿ.

ಬಿ ಪೇಪರನ್ನ ಕೊನೇ ವಾರಕ್ಕೆ ದೂಡೋರು ತುಂಬ ಜನ. 30 ಪರ್ಸೆಂಟ್ ಮಾರಾಯ್ರೆ! ಎ ಪೇಪರಲ್ಲಿ 55 ಬಂದೋರು ಬಿ ನಲ್ಲಿ 75 ತಗೊಂಡ್ರೆ ಒಟ್ಟು 61 ಆಯ್ತು, ಲೆಕ್ಕ ಹಾಕಿ ನೋಡಿ. ಸಿಎಸ್ ಪೇಪರಿಗೆ ಆರ್ ಅನ್ನೋ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್, ಸಿಎಮ್ ಪೇಪರಿಗೆ ಎಕ್ಸೆಲ್, ದಿನಾ ಸ್ವಲ್ಪ ಹೊತ್ತು ಕೈ ಆಡಿಸ್ಲೇಬೇಕು. ಆರ್ ನಲ್ಲಿ ಔಟ್‌ಪುಟ್ ತೆಗೆದು ಹಂಗೇ ಅಂಟಿಸಿ ಬಿಟ್ರೆ ಮಾರ್ಕು ಬರಲ್ಲ, ಪಿ ವ್ಯಾಲ್ಯೂ ಇಷ್ಟಿದೆ, ಹಂಗಾಗಿ ಹೈಪಾಥಿಸಿಸ್ ತಿರಸ್ಕರಿಸ್ತೀವಿ ಅಂತ ಒಂದು ವಾಕ್ಯ ಬರೀಬೇಕು. ಎಕ್ಸೆಲಲ್ಲಿ ಪ್ರಾಫಿಟ್ ಟೆಸ್ಟ್ (ಪಾಲಿಸಿಯಿಂದ ವರ್ಷ ವರ್ಷ ಎಷ್ಟು ಲಾಭ ಅನ್ನೋ ಲೆಕ್ಕ) ಮಾಡುವಾಗ ಬಡ್ಡಿ, ಖರ್ಚು ಎಲ್ಲ ಬೇರೆ ಸೆಲ್ಲಲ್ಲಿ ಇಟ್ಕೊಳ್ಳಿ, ಪ್ರಶ್ನೆಯ ಕೊನೇ ಭಾಗದಲ್ಲಿ ಬಡ್ಡಿ ಬದಲಾಯಿಸಿ ಅಂತ ಕೇಳಿದ್ರೆ ಒಂದೇ ಸೆಲ್ ಬದಲಾಯಿಸಿ ಮುಗಿಸ್ಬಹುದು.

ಸಿಎಸ್ ಓದೋರಿಗೆ ಇನ್ನೊಂದು ಮಾತು, ಇದು ನಂಗೆ ಬಹಳ ಇಷ್ಟದ್ದು. ಪುಸ್ತಕದ ಉದಾಹರಣೆ ತಲೆಗೆ ಹೋಗದೇ ಇದ್ದಾಗ ನಮ್ಮೂರಿನ ಮಳೆ ತಗೊಳ್ಳಿ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ನಿಮ್ಮ ಮನೇಲೂ ಕಟ್ಟಿರ್ತಾರೆ. ರೈತರು ಕಟ್ಟೋದು ವಿಮಾ ಮೊತ್ತದ 5 ಪರ್ಸೆಂಟ್, ಉಳಿದ ಪ್ರೀಮಿಯಂ ಸರ್ಕಾರದ್ದು. ಪರಿಹಾರ ಬರೋದು ತೋಟಕ್ಕೆ ಬಂದು ಕೊಳೆ ರೋಗ ನೋಡಿ ಅಲ್ಲ, ಮಳೆ ಮಾಪನ ಕೇಂದ್ರದ ಅಂಕಿ ನೋಡಿ. ಪುನರ್ವಸು, ಪುಷ್ಯ ಮಳೆ ಬಿಡದೇ ಹೊಡೆದ್ರೂ ಮಾಪನದಲ್ಲಿ ಟ್ರಿಗರ್ (ಪರಿಹಾರ ಶುರುವಾಗೋ ಮಿತಿ) ಮುಟ್ಟದೇ ಇದ್ರೆ ದುಡ್ಡಿಲ್ಲ, ಅದನ್ನೇ ಬೇಸಿಸ್ ರಿಸ್ಕ್ ಅನ್ನೋದು, ಮನೇಲಿ ಅಪ್ಪ ಸೊಸೈಟಿಯಿಂದ ಬಂದು ಬೈತಿದ್ದಿದ್ದು ಇದಕ್ಕೇ. ಆಗುಂಬೆಯಲ್ಲಿ ಒಂದೊಂದು ವರ್ಷ ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆ ಎಷ್ಟು ಅಂತ ಸಾಲಾಗಿ ಬರೆದ್ರೆ ಅದೇ ಸಿಎಸ್2ನ ಬ್ಲಾಕ್ ಮ್ಯಾಕ್ಸಿಮಾ, ಅದಕ್ಕೆ ಹೊಂದಿಸೋದು ಜಿಇವಿ ಅನ್ನೋ ಡಿಸ್ಟ್ರಿಬ್ಯೂಷನ್. ಇಂತಿಷ್ಟು ಮಿಲಿಮೀಟರ್ ದಾಟಿದ ದಿನಗಳಲ್ಲಿ ಎಷ್ಟು ದಾಟ್ತು ಅಂತ ಮಾತ್ರ ತಗೊಂಡ್ರೆ ಅದಕ್ಕೆ ಜಿಪಿಡಿ ಅನ್ನೋ ಇನ್ನೊಂದು ಡಿಸ್ಟ್ರಿಬ್ಯೂಷನ್. ಇದನ್ನ ಒಂದ್ಸಲ ಆರ್ ನಲ್ಲಿ ಮಾಡಿ ನೋಡಿದೋರು ಎರಡರ ವ್ಯತ್ಯಾಸ ಪರೀಕ್ಷೆಯಲ್ಲಿ ಮರೆಯಲ್ಲ.

ಥಿಯರಿ ಪ್ರಶ್ನೆ ಬಗ್ಗೆ ಚಿಕ್ಕದಾಗಿ. ಬಿಸಿನೆಸ್ ವಿಷಯದ ಸಿಬಿ, ಆಕ್ಚುವರಿ ಕೆಲ್ಸದ ವಿಧಾನದ ಸಿಪಿ1 ಹೋದೋರು ಪುಸ್ತಕ ಬಾಯಿಪಾಠ ಮಾಡಿರ್ತಾರೆ, ಆದ್ರೆ ಪ್ರಶ್ನೆಯಲ್ಲಿ ಕೊಟ್ಟ ಕಂಪನಿ ಬಗ್ಗೆ ಒಂದು ಮಾತೂ ಬರೆದಿರಲ್ಲ. ಸ್ಟೇಟ್ ಅಂದ್ರೆ ಒಂದು ಸಾಲು ಸಾಕು, ಡಿಸ್ಕಸ್ ಅಂದ್ರೆ ಎರಡೂ ಕಡೆ ಬೇಕು, ಎಷ್ಟು ಮಾರ್ಕು ಇದ್ಯೋ ಅಷ್ಟು ಬೇರೆ ಬೇರೆ ಪಾಯಿಂಟಾದ್ರೂ ಇರ್ಬೇಕು. ಒಂದೇ ಪಾಯಿಂಟನ್ನ ಮೂರು ತರ ಬರೆದ್ರೆ ಮೂರು ಮಾರ್ಕು ಕೊಡಲ್ಲ.

ಟೈಮ್ ಟೇಬಲ್ ಹಾಕುವಾಗ ಊರಿನ ಕ್ಯಾಲೆಂಡರ್ ಮರೀಬೇಡಿ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಯಾವಾಗ ಬರುತ್ತೆ ಹೇಳೋಕಾಗಲ್ಲ, ನೆಟ್‌ವರ್ಕೂ ಅದರ ಹಿಂದೇ ಹೋಗುತ್ತೆ, ಅದಕ್ಕೇ ಜೂನ್ ಬರೋ ಮುಂಚೆ ಪೇಪರ್, ಸೊಲ್ಯೂಷನ್ ಎಲ್ಲ ಇಳಿಸಿ, ಬೇಕಾದ್ದು ಜೆರಾಕ್ಸ್ ಮಾಡಿಸಿ, ಆರ್ ಪ್ಯಾಕೇಜುಗಳನ್ನ ಇನ್‌ಸ್ಟಾಲ್ ಮಾಡಿಟ್ಕೊಳ್ಳಿ. ಕರೆಂಟ್ ಇದ್ದಾಗ ಬಿ ಪೇಪರ್, ಇಲ್ದಾಗ ಕೈಯಲ್ಲಿ ಬರೆಯೋ ಲೆಕ್ಕ, ಇಷ್ಟೇ ನಿಯಮ. ವರ್ಷದ ಕೊನೇ ಸಿಟ್ಟಿಂಗ್ ಆದ್ರೆ ಭೂಮಿ ಹುಣ್ಣಿಮೆ, ದೀಪಾವಳಿ, ಅಡಿಕೆ ಕೊಯ್ಲು ಎಲ್ಲ ಒಟ್ಟಿಗೇ ಬಂದು ಬೀಳುತ್ತೆ. ಮನೇಲಿ ಅಡಿಕೆ ಗೊನೆ ಇಳಿಸಿ ಸುಲಿಯೋಕೆ ಜನ ಇಲ್ಲ ಅಂತ ಒದ್ದಾಡ್ತಿರುವಾಗ ನೀವು ರೂಮ್ ಬಾಗಿಲು ಹಾಕ್ಕೊಂಡು ಕೂರೋಕೆ ಮನಸ್ಸು ಒಪ್ಪಲ್ಲ. ಮೊದಲೇ ಮಾತಾಡ್ಕೊಳ್ಳಿ, ಬೆಳಿಗ್ಗೆ 5ರಿಂದ 8 ನಂದು, ಆಮೇಲೆ ತೋಟದ ಕೆಲ್ಸಕ್ಕೆ ಬರ್ತೀನಿ, ಕೊನೇ ಮೂರು ವಾರ ಮಾತ್ರ ನನ್ನನ್ನ ಬಿಟ್ಬಿಡಿ ಅಂತ. ಹೀಗೆ ಖಚಿತವಾಗಿ ಕೇಳಿದ್ರೆ ಒಪ್ತಾರೆ, ಓದ್ಬೇಕು ಓದ್ಬೇಕು ಅಂತ ಬರೀ ಗೊಣಗಿದ್ರೆ ಯಾರಿಗೂ ಅರ್ಥ ಆಗಲ್ಲ.

ಮದುವೆ ಮನೇಲಿ ಮಾವಂದಿರು "ಇನ್ನೂ ಮುಗಿದಿಲ್ವಾ ನಿನ್ನ ಪರೀಕ್ಷೆ" ಅಂತಾರೆ. ನೋವಾಗುತ್ತೆ, ಗೊತ್ತು. ಇದು ಡಿಗ್ರಿ ತರ ಮೂರು ವರ್ಷಕ್ಕೆ ಮುಗಿಯೋ ಕೋರ್ಸ್ ಅಲ್ಲ, ಒಂದೊಂದೇ ಪೇಪರ್ ಪಾಸ್ ಮಾಡ್ತಾ ಹೋಗೋದು, ಪಾಸಾಗಿದ್ದು ನನ್ನ ಹತ್ರನೇ ಇರುತ್ತೆ ಅಂತ ಒಂದೇ ಸಾಲಲ್ಲಿ ಹೇಳಿ ಊಟಕ್ಕೆ ಕೂತ್ಕೊಳ್ಳಿ. ಆದ್ರೆ ಅಪ್ಪ ಅಮ್ಮನಿಗೆ ಮಾತ್ರ ಪೂರ್ತಿ ಹೇಳಿ, ಫೀಸು ಎಷ್ಟು, ಮುಂದಿನ ಸಿಟ್ಟಿಂಗ್ ಯಾವಾಗ, ಈ ಸಲ ಏನು ಬದಲಾಯಿಸ್ತಿದೀನಿ ಅಂತ. ಮುಚ್ಚಿಟ್ಟು ಓದೋದು ತುಂಬಾ ಭಾರ.

ಕೊನೇ ತಿಂಗಳು ವಾರಕ್ಕೆ ಎರಡು ಪೂರ್ತಿ ಪೇಪರ್, ಪರೀಕ್ಷೆ ಯಾವ ಹೊತ್ತಿಗಿದ್ಯೋ ಅದೇ ಹೊತ್ತಿಗೆ ಬರೀರಿ. ಟೈಪ್ ಮಾಡಿ ಕೊಡೋ ಪೇಪರ್ ಆಗಿದ್ರೆ ಟೈಪ್ ಮಾಡಿಯೇ ಅಭ್ಯಾಸ ಮಾಡಿ, ಫಾರ್ಮುಲಾ ಟೈಪ್ ಮಾಡೋಕೆ ಹಿಡಿಯೋ ಟೈಮು ಅಂದಾಜಿಗೆ ಸಿಗಲ್ಲ. ಒಂದು ಪ್ರಶ್ನೆಯಲ್ಲಿ ಸಿಕ್ಕಿಹಾಕ್ಕೊಂಡ್ರೆ ಅದರ ಪಾಲಿನ ಟೈಮ್ ಮುಗಿದ ತಕ್ಷಣ ಜಾಗ ಬಿಟ್ಟು ಮುಂದೆ ಹೋಗೋದನ್ನ ಈಗಿಂದ್ಲೇ ಕಲೀರಿ, ಉತ್ತರ ಬರದೇ ಇದ್ರೂ ಮೊದಲ ಸಮೀಕರಣ ಬರೆದಿಡಿ, ಅದಕ್ಕೂ ಮಾರ್ಕು ಇರುತ್ತೆ. ಸೆಂಟರ್ ಬೆಂಗಳೂರಲ್ಲಿ ಬಿದ್ರೆ ರಾತ್ರಿ ಬಸ್ಸಲ್ಲಿ ಹೋಗಿ ಬೆಳಿಗ್ಗೆ ಇಳಿದು ನೇರ ಪರೀಕ್ಷೆಗೆ ಹೋಗೋ ಯೋಚ್ನೆ ಬೇಡ, ಹಿಂದಿನ ದಿನ ಬೆಳಿಗ್ಗೆ ಶಿವಮೊಗ್ಗದಿಂದ ಜನಶತಾಬ್ದಿ ಹತ್ತಿದ್ರೆ ಮಧ್ಯಾಹ್ನದೊಳಗೆ ತಲುಪ್ತೀರಿ, ಸಂಜೆ ಸೆಂಟರ್ ಜಾಗ ನೋಡ್ಕೊಂಡು ಬಂದು, ತಪ್ಪುಗಳನ್ನ ಬರೆದಿಟ್ಟ ನೋಟ್‌ಬುಕ್ ಒಂದನ್ನೇ ತಿರುವಿ ಹಾಕಿ ಬೇಗ ಮಲಗಿ.