ಹಳೆ ಫ್ರಿಡ್ಜ್ ಬಿಚ್ಚುವ ಘಟಕಕ್ಕೆ ಲೈಸೆನ್ಸ್: ನನ್ನ ಅನುಭವ

ಹಳೆ ಫ್ರಿಡ್ಜ್, ಎ.ಸಿ. ರೀಸೈಕ್ಲಿಂಗ್ ಶುರು ಮಾಡಬೇಕು ಅಂತ ಕೇಳಿಕೊಂಡು ಬರುವವರಿಗೆ ನಾನು ಹೇಳುವುದು ಒಂದೇ. ಫ್ರಿಡ್ಜನ್ನು ಚೂರು ಮಾಡುವ ಶ್ರೆಡ್ಡರ್ ಆಮೇಲೆ ಕೊಳ್ಳಿ, ಮೊದಲು ಹಿಡಿದ ಗ್ಯಾಸ್ ತೂಗಲು ಗ್ರಾಂ ತೋರಿಸುವ ಒಳ್ಳೆ ತಕ್ಕಡಿ ಕೊಳ್ಳಿ.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಶೆಡ್ ಕಟ್ಟುವ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಇ (ಘಟಕ ಸ್ಥಾಪಿಸಲು ಒಪ್ಪಿಗೆ) ಬೇಕು, ಮಷೀನ್ ಓಡಿಸುವ ಮೊದಲು ಸಿಎಫ್‌ಒ (ನಡೆಸಲು ಒಪ್ಪಿಗೆ). ಕಂಪ್ರೆಸರ್ ಎಣ್ಣೆ ಅಪಾಯಕಾರಿ ತ್ಯಾಜ್ಯ, ಅದಕ್ಕೆ 2016ರ ನಿಯಮದಡಿ ಬೇರೆ ಅಥರೈಸೇಶನ್. ಆಮೇಲೆ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ರೀಸೈಕ್ಲರ್ ಅಂತ ನೋಂದಣಿ. 2022ರ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆ ನಿಯಮದಲ್ಲಿದ್ದ ಡಿಸ್‌ಮ್ಯಾಂಟ್ಲರ್ (ಬರೀ ಬಿಚ್ಚುವವರು) ಎಂಬ ವರ್ಗ ಇದರಲ್ಲಿಲ್ಲ.

ಪರಿಶೀಲನೆಗೆ ಬಂದವರು ಫೈಲು ನೋಡುತ್ತಾರೆ, ನಿಜ. ಆದರೆ ನಮ್ಮಲ್ಲಿ ಜಾಸ್ತಿ ಹೊತ್ತು ನಿಂತದ್ದು ಗ್ಯಾಸ್ ತೆಗೆಯುವ ಜಾಗದಲ್ಲಿ. ಫ್ರಿಡ್ಜಿನ ಹಿಂದಿನ ಪ್ಲೇಟಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಗೇಟಿನಲ್ಲೇ ಅದನ್ನು ರಿಜಿಸ್ಟರಿಗೆ ಏರಿಸುತ್ತೇವೆ. ಆರ್-134ಎ ಇದ್ದರೆ ಒಂದು ಸಿಲಿಂಡರ್, ಹಳೆಯ ಆರ್-12 ಇದ್ದರೆ ಇನ್ನೊಂದು. ಆರ್-600ಎ ಅಂದರೆ ಐಸೊಬ್ಯುಟೇನ್, ಬೆಂಕಿ ಹಿಡಿಯುವ ಗ್ಯಾಸ್. ಅದರ ಜಾಗವೂ ಬೇರೆ, ಮಷೀನೂ ಬೇರೆ. ಯಾವ ಸಿಲಿಂಡರನ್ನೂ ಶೇ. 80ಕ್ಕಿಂತ ಜಾಸ್ತಿ ತುಂಬುವುದಿಲ್ಲ.

ಅಧಿಕಾರಿಗಳ ಪ್ರಶ್ನೆ ಸರಳವಾಗಿತ್ತು. ಇಷ್ಟು ಫ್ರಿಡ್ಜ್ ಒಳಗೆ ಬಂದಿವೆ, ಸಿಲಿಂಡರಿನಲ್ಲಿ ಗ್ಯಾಸ್ ಇಷ್ಟೇ ಯಾಕೆ? ನ್ಯಾಯವಾದ ಪ್ರಶ್ನೆ, ಅಲ್ವಾ? ಗುಜರಿಯವರು ತಾಮ್ರದ ಆಸೆಗೆ ಪೈಪು ಕತ್ತರಿಸಿಯೇ ಕಳಿಸುತ್ತಾರೆ, ಗ್ಯಾಸ್ ದಾರಿಯಲ್ಲೇ ಹೋಗಿರುತ್ತದೆ. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ಖಾಲಿ ಬಂದ ಪ್ರತಿಯೊಂದರ ಫೋಟೊ ಗೇಟಿನಲ್ಲೇ ತೆಗೆದು, ರಿಜಿಸ್ಟರಿನಲ್ಲಿ ‘ಪೈಪ್ ಕಟ್’ ಅಂತ ಬರೆಯುತ್ತೇವೆ. ಆ ಪುಟಗಳನ್ನು ತೋರಿಸಿದ ಮೇಲೆ ಮಾತು ಮುಂದೆ ಸಾಗಿತು.

ಫೋಮಿನ ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹಳೆ ಫ್ರಿಡ್ಜಿನ ಗೋಡೆಯೊಳಗಿನ ಫೋಮಿನಲ್ಲಿ ಸಿಎಫ್‌ಸಿ-11 ಅಥವಾ ಎಚ್‌ಸಿಎಫ್‌ಸಿ-141ಬಿ ಎಂಬ ಗ್ಯಾಸ್ ಸಿಕ್ಕಿಕೊಂಡಿರುತ್ತದೆ. ಎರಡೂ ಓಝೋನ್ ಪದರಕ್ಕೆ ಮಾರಕ. ಬಯಲಲ್ಲಿ ಸುತ್ತಿಗೆಯಿಂದ ಒಡೆದರೆ ಕಂಪ್ರೆಸರಿನ ಗ್ಯಾಸ್ ಹಿಡಿದದ್ದು ಅರ್ಧ ಕೆಲಸವಷ್ಟೇ. ಮುಚ್ಚಿದ ಶ್ರೆಡ್ಡರ್ ದುಬಾರಿ ಅಂತ ಗೊಣಗುವವರಿಗೆ ಇದನ್ನೇ ಹೇಳುತ್ತೇನೆ.

ಎಣ್ಣೆ ಡ್ರಮ್ಮಿನ ಕೆಳಗೆ ಟ್ರೇ, ಮೈಮೇಲೆ ಫಾರಂ 8ರ ಲೇಬಲ್, ಸಾಗಿಸುವಾಗ ಫಾರಂ 10ರ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ. ದಿನದ ಲೆಕ್ಕದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇ-ತ್ಯಾಜ್ಯ 180 ದಿನ ಇಟ್ಟುಕೊಳ್ಳಬಹುದು, ಎಣ್ಣೆಯಂಥ ಅಪಾಯಕಾರಿ ತ್ಯಾಜ್ಯ 90 ದಿನ ಮಾತ್ರ.

ನನಗಿರುವ ತಕರಾರು ಒಂದು. ಪೋರ್ಟಲ್‌ನಲ್ಲಿ ನಾವು ಮಾರುವ ಇಪಿಆರ್ ಸರ್ಟಿಫಿಕೇಟ್ (ಉತ್ಪಾದಕ ಕಂಪನಿಗಳು ತಮ್ಮ ಪಾಲಿನ ರೀಸೈಕ್ಲಿಂಗ್ ಹೊಣೆ ತೀರಿಸಲು ಕೊಳ್ಳುವುದು) ಹುಟ್ಟುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ತೂಕದ ಮೇಲೆ. ಗ್ಯಾಸ್ ಎಷ್ಟು ಹಿಡಿದರೂ ಆ ತೂಕ ಏರುವುದಿಲ್ಲ. ಪೈಪು ಕತ್ತರಿಸಿ ಬಿಟ್ಟವನಿಗೂ ಅಷ್ಟೇ ತಾಮ್ರ, ನಮಗೂ ಅಷ್ಟೇ ತಾಮ್ರ. ಹಾಗಾಗಿ ಈಗ ಗ್ಯಾಸ್ ಇರುವ ಫ್ರಿಡ್ಜಿಗೆ ಗುಜರಿಯವರಿಗೆ ನಾವೇ ಸ್ವಲ್ಪ ಜಾಸ್ತಿ ಕೊಡುತ್ತೇವೆ. ಪೈಪು ಕತ್ತರಿಸದೆ ತರುವವರು ನಿಧಾನಕ್ಕೆ ಹೆಚ್ಚುತ್ತಿದ್ದಾರೆ.