ಶಿಕಾಗೋಗೆ ಹೊಸದಾಗಿ ಬಂದಿದ್ದೀರಾ? ವೈಟ್ ಸಾಕ್ಸ್ ಬಗ್ಗೆ ಒಂದಿಷ್ಟು ತಿಳಿದಿರಲಿ

ಮನೆ ಹಿಡಿದಾಯಿತು, ಡ್ರೈವಿಂಗ್ ಲೈಸೆನ್ಸ್ ಬಂತು, ಅರೋರಾದ ಬಾಲಾಜಿ ದೇವಸ್ಥಾನಕ್ಕೂ ಹೋಗಿ ಬಂದಿರಿ ಎಂದುಕೊಳ್ಳೋಣ. ಇನ್ನು ಆಫೀಸಿನಲ್ಲಿ ಯಾರಾದರೂ ಕೇಳುತ್ತಾರೆ: ಕಬ್ಸೋ, ಸಾಕ್ಸೋ? ಎರಡೂ ಇಲ್ಲಿನ ಬೇಸ್‌ಬಾಲ್ ತಂಡಗಳು: ನಗರದ ಉತ್ತರದವರಿಗೆ ಕಬ್ಸ್, ದಕ್ಷಿಣದವರಿಗೆ ವೈಟ್ ಸಾಕ್ಸ್. ನಾನು ಬಂದ ಹೊಸತರಲ್ಲಿ ‘ನನಗೆ ಬೇಸ್‌ಬಾಲ್ ಗೊತ್ತಿಲ್ಲ’ ಅಂದುಬಿಟ್ಟೆ. ಮಾತು ಅಲ್ಲಿಗೇ ನಿಂತಿತು, ಆ ವರ್ಷವೆಲ್ಲ ಊಟದ ಮೇಜಿನಲ್ಲಿ ಸುಮ್ಮನೆ ಕೂತಿದ್ದೆ. ನಿಮಗೆ ಹಾಗಾಗಬಾರದು.

ನನ್ನನ್ನು ಕೇಳಿದರೆ ಸಾಕ್ಸ್ ಅನ್ನುತ್ತೇನೆ. ಸೋಲುವ ತಂಡ, ನಿಜ. 2024ರಲ್ಲಿ 162 ಪಂದ್ಯಗಳಲ್ಲಿ 121 ಸೋತರು. 1900ರಿಂದೀಚೆಗೆ ಒಂದೇ ಸೀಸನ್ನಿನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. 1962ರಲ್ಲಿ 120 ಸೋತಿದ್ದ ನ್ಯೂಯಾರ್ಕ್ ಮೆಟ್ಸ್ ದಾಖಲೆಯೂ ಮುರಿಯಿತು. ಆದರೆ ಸೋಲುವ ತಂಡದ ಅಭಿಮಾನಿಗಳು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನಸ್ಸು ಬಿಚ್ಚಿ ಮಾತಾಡುತ್ತಾರೆ. 17 ಸೀಸನ್ ಕಾದು 2025ರ ಜೂನ್ 3ರಂದು ಆರ್‌ಸಿಬಿ ಕಪ್ ಎತ್ತಿದ್ದನ್ನು ಕಂಡ ನಮಗೆ ಅವರ ಸಂಕಟ ಅರ್ಥವಾಗುವುದು ಕಷ್ಟವಲ್ಲ.

ಒಂದು ಲೆಕ್ಕ ಮಾತ್ರ ಬದಲಾಯಿಸಿಕೊಳ್ಳಬೇಕು. ಐಪಿಎಲ್ ಲೀಗ್‌ನಲ್ಲಿ 14 ಪಂದ್ಯ. ಸತತ ನಾಲ್ಕು ಸೋತರೆ ಕ್ಯಾಲ್ಕುಲೇಟರ್ ಹೊರಗೆ ಬರುತ್ತದೆ. ಇಲ್ಲಿ ಬೇಸಿಗೆ ಪೂರ್ತಿ ಹೆಚ್ಚುಕಡಿಮೆ ದಿನಾ ಆಟ. 100 ಗೆದ್ದರೆ ಅಮೋಘ ತಂಡ, ಅಂದರೆ ಅದೂ 62 ಸಲ ಸೋತಿರುತ್ತದೆ. ಹಾಗಾಗಿ ಒಂದು ಸೋಲಿಗೆ ಯಾರಿಗೂ ಸಮಾಧಾನ ಹೇಳಲು ಹೋಗಬೇಡಿ.

ಇನ್ನು ಮ್ಯಾನೇಜರ್. ಕ್ರಿಕೆಟ್ಟಿನಲ್ಲಿ ಬೌಲರ್ ಬದಲಿಸುವವನು ಮೈದಾನದಲ್ಲಿರುವ ನಾಯಕ. ಇಲ್ಲಿ ಆ ಕೆಲಸ ಆಟಗಾರರದೇ ಸಮವಸ್ತ್ರ ತೊಟ್ಟು ಡಗೌಟ್‌ನಲ್ಲಿ ನಿಂತ ಮ್ಯಾನೇಜರನದು. ಬ್ಯಾಟಿಂಗ್ ಕ್ರಮ ಬರೆಯುವವನು, ದಣಿದ ಪಿಚರ್‌ನನ್ನು (ಇಲ್ಲಿನ ಬೌಲರ್) ಇಳಿಸಿ, ಬದಲಿ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್‌ನಿಂದ ಇನ್ನೊಬ್ಬನನ್ನು ಕರೆಸುವವನು ಅವನೇ. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್; ಒಮ್ಮೆ ಹೊರಗೆ ಕಳಿಸಿದ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ‘ಏಳನೇ ಇನ್ನಿಂಗ್ಸ್‌ನಲ್ಲಿ ಅವನನ್ನು ಯಾಕೆ ತೆಗೆದ?’ ಎಂಬ ಜಗಳ ಮರುದಿನ ಕಾಫಿ ಹೊತ್ತಿಗೂ ಮುಗಿಯದಿರುವುದು ಇದಕ್ಕೇ.

ಹಳೇ ಅಭಿಮಾನಿಗಳು ಎಲ್ಲ ಮ್ಯಾನೇಜರ್‌ಗಳನ್ನೂ 2005ರ ಓಜಿ ಗೀಯೆನ್ ಪಕ್ಕ ನಿಲ್ಲಿಸಿ ಅಳೆಯುತ್ತಾರೆ. ಆ ವರ್ಷ ಅಮೆರಿಕನ್ ಲೀಗ್ ಫೈನಲ್‌ನಲ್ಲಿ ಏಂಜಲ್ಸ್ ವಿರುದ್ಧ ಮೊದಲ ಪಂದ್ಯ ಸೋತು, ಮುಂದಿನ ನಾಲ್ಕನ್ನೂ ಗೆದ್ದರು. ಆ ನಾಲ್ಕರಲ್ಲೂ ಆಟ ಶುರುಮಾಡಿದ ಪಿಚರ್‌ನೇ ಒಂಬತ್ತು ಇನ್ನಿಂಗ್ಸ್ ಎಸೆದು ಮುಗಿಸಿದ. ಗೀಯೆನ್ ಯಾರನ್ನೂ ಇಳಿಸಲಿಲ್ಲ. ಆಮೇಲೆ ಹ್ಯೂಸ್ಟನ್ ಆಸ್ಟ್ರೋಸ್ ತಂಡವನ್ನು 4-0ಯಿಂದ ಸೋಲಿಸಿ 1917ರ ನಂತರ ಮೊದಲ ಸಲ, ಎರಡು ಲೀಗ್‌ಗಳ ವಿಜೇತರು ಆಡುವ ವರ್ಲ್ಡ್ ಸೀರೀಸ್ ಗೆದ್ದರು. ಈ ಕಥೆ ಗೊತ್ತಿದ್ದರೆ ಅರ್ಧ ಸ್ನೇಹ ಆದಂತೆಯೇ.

ಉಳಿದರ್ಧ ಮ್ಯಾನೇಜರ್ ಆಗಿದ್ದ ಪೆಡ್ರೋ ಗ್ರಿಫೋಲ್ ವಿಷಯ. 2023ರಲ್ಲಿ ಅವರ ಕೈಕೆಳಗೆ 101 ಸೋಲು. 2024ರ ಜುಲೈ-ಆಗಸ್ಟ್‌ನಲ್ಲಿ ಸತತ 21 ಸೋಲು. ಆಗಸ್ಟ್ 8ರಂದು ಅವರನ್ನು ತೆಗೆದಾಗ ಆ ಸೀಸನ್ನಿನಲ್ಲಿ 28 ಗೆಲುವು, 89 ಸೋಲು. ಹಂಗಾಮಿಯಾಗಿ ಬಂದ ಗ್ರೇಡಿ ಸೈಜ್‌ಮೋರ್ ಉಳಿದ 45ರಲ್ಲಿ ಗೆದ್ದದ್ದು 13. ನಾನು ಪ್ರತಿ ಸಲ ಮುಂದಿಡುವ ಲೆಕ್ಕ ಇದೇ. ರೋಗ ಮ್ಯಾನೇಜರನಲ್ಲೇ ಇದ್ದಿದ್ದರೆ, ಆತ ಹೋದ ಮೇಲೂ ತಂಡ ಹತ್ತರಲ್ಲಿ ಏಳು ಸೋಲುತ್ತಿತ್ತೇ? ಆಟಗಾರರನ್ನು ಆರಿಸುವುದು ಜನರಲ್ ಮ್ಯಾನೇಜರ್, ದುಡ್ಡಿನ ಗಂಟು ಬಿಚ್ಚುವುದು 1981ರಿಂದ ತಂಡದ ಒಡೆತನದಲ್ಲಿರುವ ಜೆರ‍್ರಿ ರೈನ್ಸ್‌ಡಾರ್ಫ್. ಹೆಚ್ಚಿನ ಹೊಣೆ ಅಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಕ್ಕದ ಮನೆಯ ಹಿರಿಯರು ಇದನ್ನು ಒಪ್ಪುವುದಿಲ್ಲ. ಹುಟ್ಟಿನಿಂದ ದಕ್ಷಿಣದವರು, ಎಂಬತ್ತರ ಹತ್ತಿರ ವಯಸ್ಸು. ‘ಸೋಲುವುದು ಬೇರೆ, ಸೋತು ಕೈಚೆಲ್ಲುವುದು ಬೇರೆ. ಹುಡುಗರನ್ನು ಮೈಮೇಲೆ ಎಚ್ಚರ ಇಟ್ಟುಕೊಂಡು ಆಡಿಸಲಾಗದವನು ಮ್ಯಾನೇಜರ್ ಹೇಗಾದಾನು?’ ಅನ್ನುತ್ತಾರೆ. ಆ ಮಾತಿಗೂ ತೂಕವಿದೆ.

2024ರ ಸೆಪ್ಟೆಂಬರ್ 24ರಂದು ಅವರೇ ನನ್ನನ್ನು ಆಟಕ್ಕೆ ಕರೆದುಕೊಂಡು ಹೋದರು. ಆಗಲೇ 120 ಸೋತಾಗಿತ್ತು. 121ನೆಯದನ್ನು ನೋಡಲೆಂದೇ ಬಂದವರೂ ಇದ್ದರು. ‘ತಂಡ ಮಾರು’ ಎಂಬ ಕೂಗು ಮಾಲೀಕರನ್ನು ಉದ್ದೇಶಿಸಿ ಮತ್ತೆ ಮತ್ತೆ ಎದ್ದಿತು. ಹಿರಿಯರು ಮಾತ್ರ ತೊಡೆಯ ಮೇಲೆ ಸ್ಕೋರ್‌ಕಾರ್ಡ್ ಇಟ್ಟುಕೊಂಡು ಮೋಟು ಪೆನ್ಸಿಲ್‌ನಲ್ಲಿ ಒಂದೊಂದು ಚೌಕ ತುಂಬುತ್ತಿದ್ದರು. ಎಂಟನೇ ಇನ್ನಿಂಗ್ಸ್‌ಗೆ ಬಂದಾಗ ಏಂಜಲ್ಸ್ 2, ನಮ್ಮದು ಸೊನ್ನೆ. ಅದರಲ್ಲಿ ಮೂರು ರನ್ ಬಂತು, 3-2ರಲ್ಲಿ ಗೆದ್ದೆವು. ಗೆದ್ದ ಸದ್ದಿನ ನಡುವೆ ಅವರ ಕಡೆ ನೋಡಿದೆ. ಕೊನೆಯ ಚೌಕ ತುಂಬಿ, ಕಾರ್ಡನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಕನ್ನಡಕ ಒರೆಸಿಕೊಂಡರು. ಆ ಸರಣಿಯ ಮೂರನ್ನೂ ಗೆದ್ದರು. 121ನೇ ಸೋಲು ಆದದ್ದು ಡೆಟ್ರಾಯಿಟ್‌ನಲ್ಲಿ, 27ರಂದು.

2025ರಲ್ಲಿ ಮ್ಯಾನೇಜರ್ ಆಗಿ ವಿಲ್ ವೆನಬಲ್ ಬಂದರು; 60 ಗೆಲುವು, 102 ಸೋಲು. 19 ಗೆಲುವು ಹೆಚ್ಚಿದ್ದು ಮ್ಯಾನೇಜರ್ ಪುಣ್ಯವೋ, ಜುಲೈನಲ್ಲಿ ಬಂದು 21 ಹೋಂ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದ ಕೋಲ್ಸನ್ ಮಾಂಟ್‌ಗೊಮರಿಯಂಥ ಹುಡುಗರ ಕೈಚಳಕವೋ? ಹೊಸಬರು ಈ ಚರ್ಚೆಗೆ ಧೈರ್ಯವಾಗಿ ಇಳಿಯಬಹುದು. ‘ಹುಡುಗರು ಆಡಿದರು, ಸರಿ. ತಪ್ಪಿದಾಗಲೂ ಅವರನ್ನು ಕೂರಿಸದೆ ಆಡಿಸಿದ್ದು ಯಾರು?’ ಎಂದು ಕೇಳಿ ನೋಡಿ. ಕ್ರಿಕೆಟ್ ಇದಕ್ಕಿಂತ ದೊಡ್ಡದು ಎಂಬ ಮಾತನ್ನು ಮಾತ್ರ ತೆಗೆಯಬೇಡಿ.

ಆಟಕ್ಕೆ ಹೋಗುವುದು ಸುಲಭ. ನೇಪರ್‌ವಿಲ್, ಅರೋರಾ ಕಡೆಯವರು ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಜಾಕ್ಸನ್ ನಿಲ್ದಾಣಕ್ಕೆ ನಡೆದು ರೆಡ್ ಲೈನ್ ಹತ್ತಿದರೆ ಸಾಕ್ಸ್-35 ಸ್ಟಾಪಿನಲ್ಲಿ ಇಳಿಯಬಹುದು. ವಾಪಸ್ ಬರುವ ಕೊನೆಯ ಮೆಟ್ರಾ ಎಷ್ಟು ಹೊತ್ತಿಗೆ ಎಂದು ಮೊದಲೇ ನೋಡಿಕೊಳ್ಳಿ. ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ: ಎಲೋಟೆ ಎಂಬ ಮೆಕ್ಸಿಕನ್ ಜೋಳದ ತಿಂಡಿ ಸಿಗುತ್ತದೆ. ತೆನೆಯಿಂದ ಕಾಳು ಬಿಡಿಸಿ, ಚೀಸ್, ಖಾರದ ಪುಡಿ, ನಿಂಬೆಹುಳಿ ಹಾಕಿ ಕೊಡುತ್ತಾರೆ. ಮೊಟ್ಟೆ ತಿನ್ನದವರು ಮೇಯನೀಸ್ ಬೇಡ ಎನ್ನಬೇಕು.

ಟೋಪಿ ಕೊಳ್ಳುವುದಾದರೆ ಕಪ್ಪು ಬಣ್ಣದ್ದು, ನೀಲಿ ಕಬ್ಸ್‌ನವರದು. ಏಪ್ರಿಲ್‌ನಲ್ಲಿ ಸಂಜೆ ಆಟಕ್ಕೆ ಹೋಗುವಾಗ ದಪ್ಪ ಜಾಕೆಟ್ ಜೊತೆಗೆ ಕಾಲಿಗೆ ಹೊದೆಯಲು ಒಂದು ಕಂಬಳಿಯೂ ಇರಲಿ. ನಮ್ಮ ಹಿರಿಯರು ಯಾವಾಗಲೂ ಎರಡು ತರುತ್ತಾರೆ.