ಸುಣ್ಣಕಲ್ಲಿನ ಗುಹೆಯಲ್ಲಿ ಆದಿಮಾನವನ ಕುರುಹನ್ನು ಗುರುತಿಸುವುದು ಹೇಗೆ?

ಚಾಮುಂಡಿ ಬೆಟ್ಟದ ಗ್ರಾನೈಟ್ ಕಂಡು ಬೆಳೆದ ಮೈಸೂರಿನವರಿಗೆ ಸುಣ್ಣಕಲ್ಲಿನ ಗುಹೆ ಹೊಸ ನೋಟ. ಅದಕ್ಕಾಗಿ ಆಂಧ್ರದ ಬೇತಂಚೆರ್ಲ ಸಮೀಪದ ಬಿಲ್ಲಸುರ್ಗಂವರೆಗೆ ಹೋಗಬಹುದು. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಉತ್ಖನನ ನಡೆಸಿದ ಗುಹೆಗಳು ಅಲ್ಲಿವೆ.

ಮೊದಲು ಗುಹೆಯ ಬಾಯಿಯ ಬಳಿ ನಿಲ್ಲಿರಿ, ಏಕೆಂದರೆ ಜನರು ಸಾಮಾನ್ಯವಾಗಿ ವಾಸಿಸುತ್ತಿದ್ದುದು ಬೆಳಕು ಬೀಳುವ ಭಾಗದಲ್ಲಿಯೇ ಹೊರತು ಕತ್ತಲ ಆಳದಲ್ಲಲ್ಲ. ಛಾವಣಿಯ ಮಸಿಯನ್ನು ನಂಬಬೇಡಿ, ಅದು ನಿನ್ನೆಯ ಕುರಿಗಾಹಿಯದೂ ಆಗಿರಬಹುದು. ಮಣ್ಣಿನ ಪದರಗಳಲ್ಲಿ ಬೂದಿ, ಇದ್ದಿಲು, ಸುಟ್ಟ ಮೂಳೆ ಮತ್ತು ಕಲ್ಲಿನ ಚಕ್ಕೆಗಳು ಒಟ್ಟಿಗೆ ಕಂಡರೆ ಮಾತ್ರ ಆದಿಮಾನವ ಇಲ್ಲಿದ್ದನೆಂಬ ಊಹೆ ಬಲಗೊಳ್ಳುತ್ತದೆ. ಮೂಳೆಗಳನ್ನು ಮುಳ್ಳುಹಂದಿಯೂ ಗುಹೆಗೆ ಎಳೆದು ತರುತ್ತದೆ. ಅದರ ಹಲ್ಲಿನ ಗುರುತು ಅಗಲವಾದ, ಸಮಾನಾಂತರ ಗೀರುಗಳಾಗಿದ್ದರೆ, ಕಲ್ಲಿನ ಉಪಕರಣದ ಕೊಯ್ತ ಭೂತಗನ್ನಡಿಯಲ್ಲಿ ಕಿರಿದಾಗಿ, ಚೂಪಾದ ತಳದೊಂದಿಗೆ ಕಾಣುತ್ತದೆ.

ಪದರದ ಮೇಲೆ ಸುಣ್ಣದ ಹೊದಿಕೆ ಹೆಪ್ಪುಗಟ್ಟಿದ್ದರೆ ಅದನ್ನು ಒಡೆಯಬಾರದು: ಯುರೇನಿಯಂ-ಥೋರಿಯಂ ವಿಧಾನದಿಂದ (ಯುರೇನಿಯಂ ಕ್ಷಯಿಸಿ ಎಷ್ಟು ಥೋರಿಯಂ ಆಗಿದೆ ಎಂದು ಅಳೆದು) ಅದರ ವಯಸ್ಸು ತಿಳಿದರೆ, ಕದಡದ ಕೆಳಪದರ ಅದಕ್ಕಿಂತ ಹಳೆಯದೆಂದು ಹೇಳಬಹುದು. ಏನನ್ನೂ ಎತ್ತಿಕೊಳ್ಳದೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಸ್ಥಳವನ್ನು ಬರೆದುಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಿರಿ.